ಬೀಗ ಹಾಕಿದ ವೈದ್ಯಶಾಲೆಗಳು

ಐದು ರಾಜ್ಯಗಳ ರಾಜರು ಒಮ್ಮೆ ಒಂದೆಡೆ ಸೇರಿ ಒಂದು ಒಡಂಬಡಿಕೆಗೆ ಮುದ್ರೆ ಒತ್ತಿದರು. ತಮ್ಮ ಪ್ರಜೆಗಳಲ್ಲಿ ಯಾರೂ ಹಸಿದಿರಬಾರದು, ಮಕ್ಕಳಿಗೆ ಅಕ್ಷರ ತಪ್ಪಬಾರದು, ಕಾಯಿಲೆ ಬಿದ್ದವರಿಗೆ ಹತ್ತಿರದಲ್ಲೇ ವೈದ್ಯ ಸಿಗಬೇಕು ಎಂದು ಅದರಲ್ಲಿ ಬರೆದಿತ್ತು. ನಾಲ್ಕು ವರ್ಷಕ್ಕೊಮ್ಮೆ ಐದೂ ರಾಜ್ಯಗಳ ಹಿರಿಯರು ಸಭೆ ಸೇರುತ್ತಿದ್ದರು. ಕೊಟ್ಟ ಮಾತನ್ನು ಎಷ್ಟು ನಡೆಸಿದ್ದೇವೆ ಎಂದು ಪ್ರತಿ ರಾಜ್ಯದ ಮಂತ್ರಿಯೂ ಅಲ್ಲಿ ವರದಿ ಓದಬೇಕಿತ್ತು.

ಆ ರಾಜ್ಯಗಳಲ್ಲೊಂದರಲ್ಲಿ, ನದಿಯಾಚೆಯ ಊರಿನಲ್ಲಿ, ಬೋರಕ್ಕ ಎಂಬ ಸೂಲಗಿತ್ತಿ ಇದ್ದಳು. ಅವಳ ಊರಿಗೂ ವೈದ್ಯಶಾಲೆ ಬಂದಿತ್ತು. ಸುಣ್ಣ ಬಳಿದ ಗೋಡೆ, ಹೆಂಚಿನ ಮಾಡು, ಬಾಗಿಲಿಗೆ ದೊಡ್ಡ ಬೀಗ. ವೈದ್ಯ ಮಾತ್ರ ಬಂದಿರಲಿಲ್ಲ. ಆ ವರ್ಷ ಅವಳ ಕಣ್ಣೆದುರೇ ಇಬ್ಬರು ಬಾಣಂತಿಯರು ರಕ್ತ ನಿಲ್ಲದೆ ತೀರಿಕೊಂಡಿದ್ದರು. ಈಗ ಅವಳ ಸ್ವಂತ ಮಗಳು ಕೆಂಪಿಗೆ ಏಳು ತಿಂಗಳು. ಮಗಳ ಹೊಟ್ಟೆ ನೋಡಿದಾಗಲೆಲ್ಲ ಬೋರಕ್ಕನಿಗೆ ಆ ಇಬ್ಬರ ನೆನಪಾಗುತ್ತಿತ್ತು.

ಒಂದು ದಿನ ಊರ ಶಾಲೆಯ ಚೆನ್ನಯ್ಯ ಮೇಷ್ಟ್ರು ಅವಳ ಮನೆಗೆ ಬಂದರು.

"ಬೋರಕ್ಕ, ಈ ಸಲದ ವರದಿಯಲ್ಲಿ ನಲವತ್ತು ಊರಲ್ಲಿ ವೈದ್ಯಶಾಲೆ ನಡೀತಿದೆ ಅಂತ ಓದ್ತಾರಂತೆ."

"ನಡೀತಿದೆಯಾ? ನಮ್ಮೂರದ್ದಕ್ಕೆ ಬೀಗ ಹಾಕೇ ಇದೆಯಲ್ಲ, ಮೇಷ್ಟ್ರೇ."

"ಸಭೆಯ ಹಿರಿಯರಿಗೆ ಅದು ಹೇಗೆ ಗೊತ್ತಾಗಬೇಕು? ಅವರೇನು ಇಲ್ಲಿಗೆ ಬಂದು ನೋಡ್ತಾರಾ? ಆದರೆ ಜನ ತಾವಾಗಿ ಬಂದು ಕಂಡದ್ದನ್ನ ಹೇಳಿದರೆ ಕೇಳಬೇಕು ಅಂತ ಒಡಂಬಡಿಕೆಯಲ್ಲೇ ಇದೆ."

ಬೋರಕ್ಕ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಹೊರಟಳು. ಮೇಷ್ಟ್ರ ಜೊತೆ ನಾಲ್ವರು ನೇಕಾರರೂ ಒಬ್ಬ ಅಂಬಿಗನೂ ಸೇರಿಕೊಂಡರು. ವರದಿಯ ಆ ನಲವತ್ತೂ ಊರುಗಳಿಗೆ ನಡೆದು ಎಲ್ಲ ಕಡೆಯೂ ಮೂರೇ ಪ್ರಶ್ನೆ ಕೇಳಿದರು. ಬಾಗಿಲು ತೆರೆದಿದೆಯೇ? ವೈದ್ಯರು ಇದ್ದಾರೆಯೇ? ಮದ್ದು ಸಿಗುತ್ತದೆಯೇ? ಮೇಷ್ಟ್ರು ಬರೆದುಕೊಂಡರು. ಊರವರು ಹೆಬ್ಬೆಟ್ಟು ಒತ್ತಿದರು. ಕೆಲವರು ಹೆದರಿ ಬಾಗಿಲು ಹಾಕಿಕೊಂಡದ್ದೂ ಉಂಟು.

ಸುದ್ದಿ ಹೇಗೋ ಹರಡಿತು. ಸೀಮೆಯ ಅಧಿಕಾರಿ ಕುದುರೆಯ ಮೇಲೆ ಬಂದು ಬೋರಕ್ಕನನ್ನು ದಾರಿಯಲ್ಲೇ ತಡೆದ. ಅವನು ಗದರಲಿಲ್ಲ. ಮೆತ್ತಗೆ ಮಾತಾಡಿದ.

"ಮಗಳಿಗೆ ದಿನ ತುಂಬುತ್ತಾ ಬಂತಂತೆ. ಕಷ್ಟದ ಹೆರಿಗೆ ಆದರೆ ಅರಮನೆ ವೈದ್ಯರನ್ನ ಕರೆಸಬೇಕಾದವನು ನಾನೇ. ನೆನಪಿರಲಿ."

ಬೋರಕ್ಕ ಮನೆಗೆ ಬಂದು ಮಗಳಿಗೆ ನಡೆದದ್ದನ್ನೆಲ್ಲ ಹೇಳಿದಳು. "ನಾನು ಸಭೆಗೆ ಹೋಗಲ್ಲ ಕಣೆ," ಎಂದಳು.

ಕೆಂಪಿ ಹೇಳಿದಳು: "ಅವ್ವ, ನನಗೂ ಭಯ ಆಗ್ತಿದೆ. ನೀನು ಹೋಗದಿದ್ದರೂ ಆ ಬೀಗ ಹಾಗೇ ಇರುತ್ತಲ್ಲ. ಹೋಗಿ ಬಾ. ಪಕ್ಕದ ಮನೆ ಚಿಕ್ಕಮ್ಮ ಇದ್ದಾಳೆ."

ಹೊರಡುವ ಮುನ್ನ ಇನ್ನೊಂದು ಪೇಚು ಎದುರಾಯಿತು. ನಲವತ್ತರಲ್ಲಿ ಒಂಬತ್ತು ಊರುಗಳಲ್ಲಿ ವೈದ್ಯಶಾಲೆ ಚೆನ್ನಾಗಿಯೇ ನಡೆಯುತ್ತಿತ್ತು. "ಅದನ್ನ ಬಿಟ್ಟುಬಿಡೋಣ. ಬರೆದರೆ ನಮ್ಮ ಮಾತಿನ ತೂಕ ಕಡಿಮೆ ಆಗುತ್ತೆ," ಎಂದ ಅಂಬಿಗ.

"ಬಿಟ್ಟರೆ ಅವರ ವರದಿಗೂ ನಮ್ಮದಕ್ಕೂ ಏನು ವ್ಯತ್ಯಾಸ?" ಎಂದಳು ಬೋರಕ್ಕ. ಮೇಷ್ಟ್ರು ಒಂಬತ್ತನ್ನೂ ಬರೆದರು.

ಸಭೆಯಲ್ಲಿ ಮಂತ್ರಿ ರಾಗವಾಗಿ ವರದಿ ಓದಿದ. ಆಮೇಲೆ ಬೋರಕ್ಕನ ಸರದಿ. ಅವಳ ಮನಸ್ಸೆಲ್ಲ ಕೆಂಪಿಯ ಹತ್ತಿರವೇ ಇತ್ತು. ತಡವರಿಸುತ್ತಲೇ ಮೂವತ್ತೊಂದು ಬೀಗಗಳ ಸಂಗತಿ ಹೇಳಿದಳು, ತೀರಿಕೊಂಡ ಇಬ್ಬರು ಬಾಣಂತಿಯರ ಹೆಸರು ಹೇಳಿದಳು.

ಮಂತ್ರಿ ನಕ್ಕ. "ಇವರು ರಾಜರ ಮೇಲೆ ಹಗೆ ಇಟ್ಟುಕೊಂಡವರು. ಇವರ ಕಣ್ಣಿಗೆ ಒಳ್ಳೆಯದು ಬೀಳುವುದೇ ಇಲ್ಲ."

ಸಭೆಯ ಹಿರಿಯಳು ಹಾಳೆಗಳನ್ನು ತಿರುವಿದಳು. "ಒಂಬತ್ತು ಊರುಗಳಲ್ಲಿ ನಿಮ್ಮ ವೈದ್ಯರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಇವರೇ ಬರೆದಿದ್ದಾರೆ, ಮಂತ್ರಿಗಳೇ. ಅದನ್ನು ಒಪ್ಪುತ್ತೀರಲ್ಲವೇ?"

"ಖಂಡಿತ ಒಪ್ಪುತ್ತೇನೆ."

"ಅದೇ ಕೈ ಉಳಿದ ಮೂವತ್ತೊಂದನ್ನೂ ಬರೆದಿದೆ. ಆ ಊರುಗಳ ವೈದ್ಯರ ಹೆಸರು ಹೇಳಿ, ಕೇಳೋಣ."

ಮಂತ್ರಿ ಹಿಂದೆ ನಿಂತಿದ್ದ ಬರಹಗಾರರ ಕಡೆ ತಿರುಗಿದ. ಅವರು ತಮ್ಮ ಕಡತಗಳನ್ನು ಹುಡುಕಿದರು. ಒಂದು ಹೆಸರೂ ಬರಲಿಲ್ಲ.

ಸಭೆಗೆ ಸೈನ್ಯವಿರಲಿಲ್ಲ, ದಂಡ ಹಾಕುವ ಅಧಿಕಾರವೂ ಇರಲಿಲ್ಲ. ಅದು ಮೂವತ್ತೊಂದು ಊರುಗಳ ಹೆಸರನ್ನು ಐದೂ ರಾಜ್ಯಗಳಲ್ಲಿ ಡಂಗುರ ಹೊಡೆಸಿ ಸಾರಿತು. ವರ್ಷದೊಳಗೆ ಉತ್ತರ ಕೊಡಿ ಎಂದು ರಾಜನಿಗೆ ಬರೆಯಿತು. ಅಷ್ಟೇ.

ಬೋರಕ್ಕ ಓಡೋಡಿ ಊರಿಗೆ ಬಂದಳು. ಕೆಂಪಿಗೆ ನಾಲ್ಕು ದಿನದ ಹಿಂದೆಯೇ ಹೆರಿಗೆಯಾಗಿತ್ತು. ಅಧಿಕಾರಿಗೆ ಹೇಳಿ ಕಳಿಸಿದ್ದರೂ ಅರಮನೆಯ ವೈದ್ಯರು ಬಂದಿರಲಿಲ್ಲ. ತುಂಬಾ ರಕ್ತ ಹೋಗಿ ಆಮೇಲೆ ಹೇಗೋ ನಿಂತಿತ್ತು. ಮಗು ಚೆನ್ನಾಗಿತ್ತು. ಮಗಳ ಮುಖ ಮಾತ್ರ ಬೂದಿಯಂತೆ ಬಿಳಿಚಿತ್ತು. ಬೋರಕ್ಕ ಅವಳ ಕಾಲು ಹಿಡಿದುಕೊಂಡು ಕುಳಿತಳು. ಸಂಜೆಯವರೆಗೂ ಏಳಲಿಲ್ಲ.

ಐದು ರಾಜ್ಯಗಳ ಮುಂದೆ ಮಾನ ಹೋದ ಮೇಲೆ ರಾಜ ವೈದ್ಯರನ್ನು ಕಳಿಸತೊಡಗಿದ. ವರ್ಷ ತುಂಬುವಾಗ ಹದಿನಾಲ್ಕು ಬೀಗ ತೆರೆದಿದ್ದವು. ಬೋರಕ್ಕನ ಊರಿನದೂ ತೆರೆಯಿತು. ಹದಿನೇಳು ಉಳಿದವು.

"ಇಷ್ಟೆಲ್ಲ ಪಾಡುಪಟ್ಟು ಅರ್ಧವೂ ಆಗಲಿಲ್ಲವಲ್ಲ," ಎಂದರು ಊರವರು.

ಬೋರಕ್ಕ ಮೇಷ್ಟ್ರ ಜೊತೆ ಮತ್ತೆ ಊರೂರು ಹೊರಟಳು. ಈಗಲೂ ಕುದುರೆಯ ಸದ್ದು ಕೇಳಿದರೆ ಅವಳು ಹೆದರಿ ಹಿಂದಿರುಗಿ ನೋಡುತ್ತಿದ್ದಳು. ಮೊದಲ ಊರಿನಲ್ಲಿ ವೈದ್ಯಶಾಲೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಹೊಸ ವೈದ್ಯರೇ ಎದ್ದು ಬಂದರು. ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನಾನೇನೋ ಬಂದಿದ್ದೇನೆ, ತಾಯಿ. ಮದ್ದು ಬಂದಿಲ್ಲ. ಅದನ್ನೂ ಬರೆದುಕೊಳ್ಳಿ."

ನೀತಿ: ಆಳುವವರು ಜಗತ್ತಿನ ಮುಂದೆ ಕೊಟ್ಟ ಮಾತು ತಾನಾಗಿ ನಮ್ಮ ಮನೆಬಾಗಿಲಿಗೆ ಬರುವುದಿಲ್ಲ. ಅದು ಬಂದಿದೆಯೇ ಎಂದು ಜನರೇ ಒಟ್ಟಾಗಿ ಹೋಗಿ ನೋಡಬೇಕು. ಕಂಡದ್ದನ್ನು ಹೆಚ್ಚು ಕಡಿಮೆ ಮಾಡದೆ, ಭಯವಾದರೂ, ಮತ್ತೆ ಮತ್ತೆ ಹೇಳಬೇಕು.