ಮಳೆಯ ಪಾಲು

ಮರಳು ಹೊತ್ತ ಲಾರಿ ಏದುಸಿರು ಬಿಡುತ್ತ ಘಾಟಿಯ ಬುಡದಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ನಿಂತಿತು.

“ಭಾರ ಮಿತಿ ಮೀರಿದೆ. ದಂಡ ಕಟ್ಟು, ಹೆಚ್ಚಿನ ಮರಳನ್ನು ಇಲ್ಲೇ ಇಳಿಸು,” ಎಂದಿತು ವೇಬ್ರಿಡ್ಜ್.

“ಸ್ವಲ್ಪ ಹೆಚ್ಚಿದ್ದರೆ ನೀವು ಬಿಡುತ್ತೀರಿ ಅಂತ ಆ ಸ್ವಲ್ಪವನ್ನೂ ತುಂಬಿಕೊಂಡೇ ಹೊರಟೆ ಅಣ್ಣಾ. ದಾರಿಯಲ್ಲಿ ಮಳೆ ಬಂದು ಮರಳು ನೆನೆಯಿತು. ಅದು ನನ್ನ ತಪ್ಪೇ?”

“ಆ ಸ್ವಲ್ಪವನ್ನು ಬಿಟ್ಟಿದ್ದೇ ಮಳೆಗಾಗಿ. ಮಳೆಯ ಪಾಲನ್ನು ನೀನು ಮೊದಲೇ ತಿಂದುಬಿಟ್ಟೆ.”

ಲಾರಿ ಗೊಣಗುತ್ತಲೇ ದಂಡ ತೆತ್ತು ಮರಳು ಇಳಿಸಿತು. ಘಾಟಿಯ ಮೊದಲ ತಿರುವಿನಲ್ಲೇ ಅದರ ಹಿಂದಿನ ಚಕ್ರಗಳು ಹಾಡತೊಡಗಿದವು.

“ನಿಮಗೆ ಹಾಡಲು ಬರುತ್ತದೆಯೇ?” ಎಂದು ಲಾರಿ ಬೆರಗಾಯಿತು.

“ಹಾಡುವಷ್ಟು ಉಸಿರು ಸಿಕ್ಕಿದ್ದೇ ಇವತ್ತು,” ಎಂದವು ಚಕ್ರಗಳು.

ಮರುದಿನ ಒಳ್ಳೆಯ ಬಿಸಿಲು. ಲಾರಿಯನ್ನು ತೂಗಿದ ವೇಬ್ರಿಡ್ಜ್ ಕೇಳಿತು: “ಮಿತಿಗಿಂತ ಕಡಿಮೆಯೇ ಇದೆಯಲ್ಲ?”

“ಮಳೆಗೆ ಜಾಗ ಬಿಟ್ಟಿದ್ದೇನೆ ಅಣ್ಣಾ. ಅದು ಬಾರದ ದಿನ ಆ ಜಾಗದಲ್ಲಿ ನಾವು ಹಾಡುತ್ತೇವೆ.”