ಸಾರಾಯಿ ಧಣಿಯ ತಂಗಿಯರು

ಒಂದೂರಲ್ಲಿ ಸಾರಾಯಿ ಕಾರ್ಖಾನೆಯ ಧಣಿ ಇದ್ದ. ಬಹಳ ನ್ಯಾಯವಂತ. ಎಲ್ಲ ಅಂಗಡಿಗೂ ಒಂದೇ ಸಗಟು ಬೆಲೆ ಅಂತ ಕಾನೂನು ಬಂದಾಗ ಗೇಟಿಗೆ ದೊಡ್ಡ ಬೋರ್ಡನ್ನೇ ಹಾಕಿಸಿದ. ತಂಗಿ ಗಿರಿಜವ್ವನ ಅಂಗಡಿಗೆ ಮಾತ್ರ ಪ್ರತಿ ಲೋಡಿನ ಜೊತೆ ಒಂದಷ್ಟು ಪೆಟ್ಟಿಗೆ ಪುಕ್ಕಟೆ ಹೋಗುತ್ತಿದ್ದವು.

ಗಿರಿಜವ್ವ ಅಗ್ಗಕ್ಕೆ ಮಾರಿದಳು. ಎದುರಿಗೆ ಒಬ್ಬ ವಿಧವೆಯ ಅಂಗಡಿ. ಅಲ್ಲಿಗೆ ನೊಣವೂ ಬರಲಿಲ್ಲ. ಇನ್ನು ಬಾಗಿಲು ಮುಚ್ಚುವುದೇ ಬಾಕಿ. ಅವಳು ಅಬಕಾರಿ ಸಾಹೇಬರನ್ನು ಕರಕೊಂಡು ಧಣಿಯ ಹತ್ತಿರ ಹೋದಳು.

ಧಣಿ ನಕ್ಕ. "ಸಾಹೇಬ್ರ, ಅದು ರಿಯಾಯಿತಿ ಅಲ್ಲ. ನಾಗರ ಪಂಚಮಿ ಉಡುಗೊರೆ."

"ವರ್ಷಪೂರ್ತಿ ಪಂಚಮಿಯೇನು?" ಅಂದರು ಸಾಹೇಬರು.

"ಪ್ರೀತಿಗೆ ತಿಥಿ ಎಲ್ಲೈತ್ರಿ? ಪಂಚಮಿಗೆ ಅಣ್ಣಾ ಅಂತ ನನ್ನ ಬೆನ್ನಿಗೆ ಹಾಲು ಹಾಕಿದ ಯಾರಿಗಾದ್ರೂ ಕೊಡ್ತೀನಿ. ಈಕೀನೂ ಹಾಕಲಿ, ಈಕಿಗೂ ಕೊಡ್ತೀನಿ!"

"ಆಗಲಿ ಅಣ್ಣಾ" ಅಂದಳು ವಿಧವೆ.

ಪಂಚಮಿ ದಿನ ಧಣಿ ಅಂಗಿ ಬಿಚ್ಚಿ ಕಟ್ಟೆ ಮೇಲೆ ಕುಂತ. ಗಿರಿಜವ್ವ ಹಾಲಿನ ಚೊಂಬು ಹಿಡಿದು ಬಂದಳು. ಅವಳ ಹಿಂದೆ ವಿಧವೆ. ವಿಧವೆಯ ಹಿಂದೆ ತಾಲೂಕಿನ ಅಷ್ಟೂ ಸಾರಾಯಿ ಅಂಗಡಿಯವರ ಹೆಂಡಂದಿರು, ಚೊಂಬು ಹಿಡಿದು. ಪಕ್ಕದಲ್ಲಿ ಸಾಹೇಬರು.

"ಅಣ್ಣಾ, ಬೆನ್ನು ತೋರಿಸು" ಅಂದಳು ವಿಧವೆ.

ಧಣಿ ಸಾಲು ನೋಡಿದ. ಬೆವರಿದ. "ಇಷ್ಟು ಮಂದಿ ತಂಗೇರು ಎಲ್ಲಿಂದ ಬಂದ್ರು?"

"ನೀನೇ ಕರದ್ಯಲ್ಲಣ್ಣಾ, ಸಾಹೇಬ್ರ ಮುಂದ."

"ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು" ಅಂದರು ಸಾಹೇಬರು.

ಧಣಿ ಎದ್ದು ಕೂಗಿದ. "ಯಾರಿಗೂ ಇಲ್ಲ! ಎಲ್ಲರಿಗೂ ಬೋರ್ಡಿನ ಬೆಲೆ! ನನಗ ತಂಗೀನ ಇಲ್ಲ!"

ಗಿರಿಜವ್ವ ತುಂಬಿದ ಚೊಂಬನ್ನು ಅಣ್ಣನ ತಲೆ ಮೇಲೆ ಬೋರಲು ಹಾಕಿದಳು.