ಯಮನೂರ ಮನುಷ್ಯನನ್ನು ಮಾಡಲು ಕಲಿತದ್ದು

ನಾನು ಒಮ್ಮೆ ಮಣ್ಣಿನಲ್ಲಿ ನಾಯಿಯೊಂದನ್ನು ಮಾಡಿದ್ದೆ. ಅದು ಎಷ್ಟು ಸೊಗಸಾಗಿತ್ತೆಂದರೆ, ಸುತ್ತಲಿನ ತಾಲೂಕುಗಳ ಕಳ್ಳರನ್ನೆಲ್ಲ ಕಚ್ಚಿ ಹಿಡಿದುಕೊಟ್ಟಿತು, ಪೊಲೀಸಿನವರು ಬಂದು ಅದಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಸುಳ್ಳು. ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮ್ಮಿಂದ ಕೇಳಿಸಿಕೊಳ್ಳುವುದು ಬೇಡ. ನಾನು ಮಣ್ಣು ಮುಟ್ಟಿದ್ದು ಕೆಸರಲ್ಲಿ ಹೂತ ಚಪ್ಪಲಿ ಎಳೆದುಕೊಳ್ಳುವಾಗ ಮಾತ್ರ. ಆದರೆ ಯಮನೂರನ ಕತೆ ನಿಜ. ಮುಕ್ಕಾಲು ಪಾಲು ನಿಜ. ಊರ ಹೆಸರು ಮಾತ್ರ ಹೇಳುವುದಿಲ್ಲ, ಆ ಊರಿನವರು ಇನ್ನೂ ನನ್ನನ್ನು ಹುಡುಕುತ್ತಿದ್ದಾರೆ.

ಯಮನೂರನಿಗೆ ಅಪ್ಪ ಇರಲಿಲ್ಲ. ಅವ್ವ ಇದ್ದಳು, ನೀಲವ್ವ. ಮಗ ಆಳೆತ್ತರ ಬೆಳೆದಿದ್ದ, ಬುದ್ಧಿ ತೊಟ್ಟಿಲಲ್ಲೇ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಬಾಗಲಾ ನೋಡಕೋತ ಕುಂದ್ರು" ಅಂತ ಹೇಳಿ ಅವ್ವ ಸಂತೆಗೆ ಹೋದಳು. ಇವನು ಬಾಗಿಲನ್ನೇ ನೋಡುತ್ತ ಕೂತ. ಅದೇ ಬಾಗಿಲಿಂದ ಒಳಗೆ ಹೋದ ಆಡು ಜೋಳವನ್ನೆಲ್ಲ ಮೇಯ್ದು, ಅದೇ ಬಾಗಿಲಿಂದ ಹೊರಗೆ ಬಂತು.

"ಬಾಗಲಾ ಎಲ್ಲೂ ಹೋಗಿಲ್ಲವ್ವಾ, ಇಲ್ಲೇ ಐತಿ" ಅಂದ.

ನೀಲವ್ವ ಹಣೆ ಬಡಿದುಕೊಂಡಳು. "ನಾ ಸತ್ತ ಮ್ಯಾಲೆ ಇವಗ ಯಾರು ರೊಟ್ಟಿ ಹಾಕತಾರ? ಒಂದು ಕಸಬಾದ್ರೂ ಕಲೀಲಿ."

ಮಗನ ಕೈ ಹಿಡಿದುಕೊಂಡು ಕುಂಬಾರ ಸಂಗಪ್ಪಜ್ಜನ ಮನೆಗೆ ಹೋದಳು. ಸಂಗಪ್ಪಜ್ಜ ಬರೀ ಗಡಿಗೆ ಮಾಡುವವನಲ್ಲ, ಮನುಷ್ಯರನ್ನು ಮಾಡುವವನು. ಅವನ ಮಣ್ಣಿನ ಪೈಲ್ವಾನ ತೊಡೆ ತಟ್ಟುತ್ತಿದ್ದ, ಮಣ್ಣಿನ ಮುದುಕಿ ಎಲೆ ಅಡಿಕೆ ಜಗಿಯುತ್ತಿದ್ದಳು. ಭಾದ್ರಪದದಲ್ಲಿ ಊರ ಹೆಂಗಸರು ಬುಟ್ಟಿಯಲ್ಲಿ ಹೊತ್ತು, ಮಳೆ ಬರಲೆಂದು ಹಾಡುತ್ತ ಮನೆಮನೆಗೆ ಒಯ್ಯುವ ಜೋಕುಮಾರನ ಗೊಂಬೆಯೂ ಅವನ ಕೈಯದೇ.

ಅಜ್ಜ ಯಮನೂರನನ್ನು ಮೇಲಿಂದ ಕೆಳಗೆ ನೋಡಿದ. "ನೋಡು ನೀಲವ್ವಾ, ಜೋಕುಮಾರ ಬರೋದರೊಳಗ ಇವನ ಕೈಲೆ ಒಂದು ಮನಿಷ್ಯಾನ ಮುಖ ಆಗಲಿ. ಆತಂದ್ರ ಕಾಯಂ ಇಟಗೋತೀನಿ, ಉಣ್ಣಾಕ ಹಾಕತೀನಿ. ಆಗಲಿಲ್ಲಂದ್ರ ನಿನ್ನ ಮಗ ನಿನಗ."

ನೀಲವ್ವ ಅಜ್ಜನ ಕಾಲಿಗೆ ಬಿದ್ದಳು. ಯಮನೂರನೂ ಬಿದ್ದ. ಏಳು ಅಂತ ಯಾರೂ ಹೇಳಲಿಲ್ಲ, ಊಟದ ಹೊತ್ತಿನವರೆಗೂ ಬಿದ್ದೇ ಇದ್ದ.

ಮಾರನೆಯ ದಿನ ಅಜ್ಜ ಹೇಳಿದ, "ಹೊರಗ ಹೋಗಿ ಒಬ್ಬ ಮನಿಷ್ಯಾನ್ನ ಚಂದಂಗ ನೋಡು. ಹೆಂಗ ಅದಾನೋ ಹಂಗ ಮಾಡು."

ಯಮನೂರ ಹೊರಗೆ ಹೋದ, ನೋಡಿದ, ಬಂದ, ಮಾಡಿದ. ಅಜ್ಜ ಬಂದು ನೋಡಿದರೆ, ಉದ್ದಕ್ಕೊಂದು ಮಣ್ಣಿನ ಮುದ್ದೆ.

"ಏನಲೇ ಇದು?"

"ಮನಿಷ್ಯಾ, ಅಜ್ಜಾ."

"ತಲಿ ಎಲ್ಲೈತಿ? ಕೈ ಎಲ್ಲದಾವು?"

"ಒಳಗದಾವು. ಕಂಬಳಿ ಹೊಚಗೊಂಡು ಮಲಗ್ಯಾನ."

ಅಜ್ಜ ಬೈದ. "ಮ್ಯಾಲಿನ ಕಂಬಳಿ ನೋಡಿ ಏನು ಮಾಡತಿ? ಒಳಗಿನ ಎಲುಬು ತಿಳಕೋಬೇಕು. ಕೈ ಎಲ್ಲಿ ಮಡಚತೈತಿ, ಯಾವ ಕಡೆ ಮಡಚೂದಿಲ್ಲ, ಮುಟ್ಟಿ ನೋಡಿ ತಿಳಕೋ."

ಆಗಲಿ ಅಂದ ಯಮನೂರ. ನೆಟ್ಟಗೆ ಚಾವಡಿಗೆ ಹೋದ. ಅಲ್ಲಿ ಊರಗೌಡರು, ಬಾಳನಗೌಡರು, ಕಂಬಕ್ಕೆ ಒರಗಿ ಕೂತಿದ್ದರು. ಯಮನೂರ ಅವರ ಮೊಣಕೈ ಹಿಡಿದ. ಈ ಕಡೆ ಮಡಚಿದ, ಮಡಚಿತು. ಆ ಕಡೆ ಮಡಚಿದ, ಮಡಚಲಿಲ್ಲ. ಇನ್ನಷ್ಟು ಒತ್ತಿದ. ಗೌಡರು ಕೂಗಿದ ಕೂಗಿಗೆ ಕೆರೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಇದನ್ನು ಕಣ್ಣಾರೆ ಕಂಡವನು ನನ್ನ ಭಾವಮೈದುನ. ನನಗೆ ಭಾವಮೈದುನ ಇಲ್ಲ, ಇರಲಿ, ಮುಂದೆ ಕೇಳಿ.

"ಆ ಕಡೆ ಮಡಚೂದಿಲ್ಲ ಅಜ್ಜಾ, ಖಾತ್ರಿ ಮಾಡಕೊಂಡೆ" ಅಂದ ಬಂದು.

"ಜೀವ ಇದ್ದವರ ಮೈ ಮುಟ್ಟತಾರೇನೋ ಹುಚ್ಚಾ? ಕಲಿಯವ ದೂರ ನಿಂತು ನೋಡಬೇಕು. ಒಂದೀಟು ಮಣ್ಣು ಹಚ್ಚಬೇಕು, ಹಿಂದಕ ಸರೀಬೇಕು, ತಪ್ಪು ಎಲ್ಲಿ ಐತಿ ನೋಡಬೇಕು."

ಆಗಲಿ ಅಂದ ಯಮನೂರ. ಕೋಲು ನಿಲ್ಲಿಸಿದ, ಹುಲ್ಲಿನ ಹಗ್ಗ ಸುತ್ತಿದ, ಮೇಲೆ ಮಣ್ಣು ಹಚ್ಚಿದ. ಹಿಂದಕ್ಕೆ ಸರಿದ. ತಪ್ಪು ಕಂಡಿತು. ಇನ್ನೂ ಹಿಂದಕ್ಕೆ ಸರಿದ. ಇನ್ನೂ ಕಂಡಿತು. ಹಿಂದೆ ಹಿಂದೆ ಸರಿಯುತ್ತ ಅಂಗಳಕ್ಕೆ ಬಂದ, ಒಣಗಲಿಟ್ಟ ಗಡಿಗೆಗಳ ಮೇಲೆ ಕಾಲಿಟ್ಟ, ಪಟಪಟ ಒಡೆದವು. ಓಣಿ ದಾಟಿದ, ಹೊಲ ದಾಟಿದ, ಹಳ್ಳ ದಾಟಿದ. ಸಂಜೆಗೆ ತಿರುಗಿ ಬಂದ.

"ಎಲ್ಲಿ ಸತ್ತಿದ್ಯೋ?"

"ಹಳ್ಳದ ಆಚಿ ದಂಡಿಗೆ ಹೋಗಿದ್ದೆ. ಅಲ್ಲಿಂದ ನೋಡಿದ್ರ ಒಂದು ತಪ್ಪೂ ಕಾಣೂದಿಲ್ಲ ಅಜ್ಜಾ."

ಅಷ್ಟರಲ್ಲಿ ಬಿಸಿಲಿಗೆ ಗೊಂಬೆ ಒಣಗಿ, ನೆತ್ತಿಯಿಂದ ಪಾದದವರೆಗೆ ಬಿರುಕು ಬಿಟ್ಟು ನಿಂತಿತ್ತು. ನೀಲವ್ವ ಬುತ್ತಿ ತಂದವಳು ಅದನ್ನು ನೋಡಿ ಅಲ್ಲೇ ಕುಸಿದಳು. "ಹಬ್ಬ ಹತ್ತರ ಬಂತಲ್ಲೋ ನನ್ನಪ್ಪಾ. ಒಂದು ಮುಖ ಮಾಡಾಕ ನಿನಗೇನು ದಾಡಿ?"

ಅಜ್ಜನಿಗೆ ಅವಳ ಮೇಲೆ ಕನಿಕರ, ಇವನ ಮೇಲೆ ಸಿಟ್ಟು. "ಕೇಳಿಲ್ಲಿ. ಯಾವುದು ಮುಗಿದಿಲ್ಲೋ ಅದಕ್ಕ ಒದ್ದೀ ಅರಿವಿ ಸುತ್ತಿ ಇಡಬೇಕು. ಮರುದಿನ ಬಂದು ಮುಂದಿನ ಕೆಲಸ ಹಿಡೀಬೇಕು. ತಿಳೀತಿಲ್ಲೋ?"

ತಿಳಿಯಿತು ಅಂದ ಯಮನೂರ. ಮರುದಿನ ಮಣ್ಣು ತರಲು ಚಾವಡಿ ಮುಂದೆ ಹೊರಟಿದ್ದ. ಅಲ್ಲಿ ಬದುವಿನ ಜಗಳದ ಪಂಚಾಯತಿ ನಡೆದಿತ್ತು. ಮೊಣಕೈಗೆ ಅರಿಷಿಣ ಹಚ್ಚಿಕೊಂಡು ಕೂತ ಗೌಡರು ಎಲ್ಲ ಕೇಳಿ, "ಇದು ಇವತ್ತಿಗೆ ಮುಗಿಯೂದಲ್ಲ, ನಾಳೆ ನೋಡೋಣು" ಅಂದರು.

ಮುಗಿಯುವುದಿಲ್ಲ ಅಂದರಲ್ಲ? ಯಮನೂರ ಹೆಗಲ ಮೇಲಿನ ವಲ್ಲಿಯನ್ನು ಚಾವಡಿಯ ಕುಡಿಯುವ ನೀರಿನ ಕೊಡದಲ್ಲಿ ಅದ್ದಿದ, ಗೌಡರ ತಲೆ, ಕಿವಿ, ಬಾಯಿ ಎಲ್ಲ ಸೇರಿಸಿ ಬಿಗಿಯಾಗಿ ಸುತ್ತಿದ. ನಾಕು ಮಂದಿ ಸೇರಿ ಬಿಚ್ಚಿದರು. ಒಳಗಿಂದ ಹೊರಬಂದ ಮುಖ ಹೇಗಿತ್ತು ಅಂತೀರಿ? ಕಣ್ಣುಗುಡ್ಡೆ ಹೊರಗೆ, ಬಾಯಿ ಗವಿಯ ಹಾಗೆ, ಹುರಿಮೀಸೆಯ ತುದಿ ಎರಡೂ ಮುಗಿಲಿಗೆ. ಯಮನೂರ ದೂರ ನಿಂತು ನೋಡಿದ. ಕಣ್ಣು ಮಿಟುಕಿಸದೆ ನೋಡಿದ. ಜೀವಮಾನದಲ್ಲಿ ಅವನು ಒಂದು ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ಹಬ್ಬ ಬಂತು. ಅಜ್ಜನಿಗೆ ಚಳಿಜ್ವರ ಬಂತು. ಜೋಕುಮಾರನ ಮೈ ಆಗಿತ್ತು, ಮುಖ ಆಗಿರಲಿಲ್ಲ. ಹಾಸಿಗೆಯಲ್ಲೇ ಮಲಗಿ ಅಜ್ಜ ಹೇಳಿದ, "ಇದು ಕಡೀ ಸಲ. ಜೋಕುಮಾರ ಅಂದ್ರ ಕಣ್ಣು ದೊಡ್ಡವು, ಬಾಯಿ ದೊಡ್ಡದು, ಮೀಸಿ ದೊಡ್ಡದು. ನೋಡಿದ ಮುಖ ಒಂದು ನೆನಪು ಮಾಡಕೊಂಡು ಮಾಡು."

ಯಮನೂರ ಮಾಡಿದ. ಅಜ್ಜ ಎದ್ದು ಬಂದು ನೋಡಿದ, ಜ್ವರ ಅರ್ಧ ಬಿಟ್ಟೇಹೋಯಿತು. ಬುಟ್ಟಿಯೊಳಗೆ ಬೇವಿನ ಸೊಪ್ಪಿನ ನಡುವೆ ಸಾಕ್ಷಾತ್ ಬಾಳನಗೌಡರು ಬಾಯಿ ತೆರೆದು ಕೂತಿದ್ದರು.

"ಮನಿಷ್ಯಾ ಹೌದಲ್ರೀ?" ಅಂತ ನೀಲವ್ವ ಹೆದರಿಹೆದರಿ ಕೇಳಿದಳು.

"ಮನಿಷ್ಯಾ ಹೌದವ್ವಾ. ಯಾವ ಮನಿಷ್ಯಾ ಅನ್ನೂದ ಫಜೀತಿ."

ಸುದ್ದಿ ಗೌಡರಿಗೆ ಮುಟ್ಟಿತು, ಗೌಡರು ಬಂದರು. "ಊರ ಹೆಂಗಸರು ನನ್ನ ಬಾಯಿಗೆ ಬೆಣ್ಣಿ ಹಚ್ಚಿ, ಕಡೀಕ ಒನಕೀಲೆ ಬಡದು ಕೊಲ್ಲಬೇಕೇನೋ ಸಂಗಪ್ಪಾ? ಬುಟ್ಟಿ ಎತ್ತೋ ಹೊತ್ತಿಗೆ ಒಬ್ಬಾಕಿ 'ಇದು ಗೌಡ್ರ ಮುಖ' ಅಂದ್ರ ಸಾಕು, ಈ ಹುಡುಗ ನಿನ್ನ ಮನ್ಯಾಗೂ ಇರೂದಿಲ್ಲ, ಈ ಊರಾಗೂ ಇರೂದಿಲ್ಲ." ಹೀಗಂದು ಎಣ್ಣೆನೀರು ಹಾಕಿಕೊಳ್ಳಲು ಮನೆಗೆ ಹೋದರು.

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜ ಸಣ್ಣ ಚಾಕು ಯಮನೂರನ ಕೈಗೆ ಕೊಟ್ಟ. "ನಾ ಹೋಗಿ ಹೆಂಗಸರನ್ನ ಒಂದೀಟು ತಡೀತೀನಿ. ಅಷ್ಟರೊಳಗ ಆ ಮೀಸಿ ತಗದುಬಿಡು. ಗೌಡ್ರು ಬ್ಯಾರೆ, ಜೋಕುಮಾರ ಬ್ಯಾರೆ ಕಾಣಬೇಕು. ಒಣಗಿದ್ದನ್ನ ಮಾತ್ರ ಕೆರೀಬ್ಯಾಡ, ಬಿರಕು ಬಿಡತೈತಿ. ಹಸೀ ಇದ್ದರಷ್ಟ ಚಾಕು ಹಚ್ಚು."

ಅಜ್ಜ ಹೆಂಗಸರ ಜೊತೆ ತಿರುಗಿ ಬಂದಾಗ ಜೋಕುಮಾರನ ಮೀಸೆ ಇದ್ದಲ್ಲೇ ಇತ್ತು.

"ಮೀಸಿ ಯಾಕ ತಗೀಲಿಲ್ಲೋ?"

"ತಗದೇನಜ್ಜಾ." ಯಮನೂರ ಅಂಗೈ ಬಿಚ್ಚಿದ. ಅಂಗೈ ಮೇಲೆ ಎಣ್ಣೆ ಹೊಳೆಯುವ ಹುರಿಮೀಸೆ, ಎರಡು ತುದಿಯೂ ಸಮೇತ. "ಜೋಕುಮಾರ ಒಣಗಿದ್ದ, ಮುಟ್ಟಲಿಲ್ಲ. ಗೌಡ್ರು ಜಳಕಾ ಮಾಡಿ ಪಡಸಾಲಿಯೊಳಗ ಮಲಗಿದ್ರು. ಹಸೀ ಇದ್ರು."

ಹೆಂಗಸರಿಗೆ ಕಾಣದ ಹಾಗೆ ಅಜ್ಜ ಆ ಅಂಗೈಯನ್ನು ಗಬಕ್ಕನೆ ಮುಚ್ಚಿಸಿದ. ಅಷ್ಟರಲ್ಲಿ ಗೌಡರು ರುಮಾಲಿನ ತುದಿಯಿಂದ ಮೂಗಿನ ಕೆಳಗೆಲ್ಲ ಮುಚ್ಚಿಕೊಂಡು ಓಡಿಬಂದರು.

ಬುಟ್ಟಿಯ ಸುತ್ತ ನಿಂತ ಹೆಂಗಸರಲ್ಲಿ ಒಬ್ಬಳು, "ಈ ಮುಖಾ ಎಲ್ಲೋ ನೋಡಿದಂಗ ಐತಲ್ಲ" ಅಂದಳು.

ಅಜ್ಜ ತಕ್ಷಣ ಕೈ ಮುಗಿದ. "ಗೌಡ್ರ, ಇದು ನಿಮ್ಮ ಮುಖಾನೇನ್ರಿ? ರುಮಾಲು ಒಂದೀಟು ಸರಸ್ರಿ, ಎಲ್ಲಾರೂ ಕೂಡಿ ನೋಡೋಣು."

ಗೌಡರು ರುಮಾಲನ್ನು ಇನ್ನಷ್ಟು ಬಿಗಿ ಹಿಡಿದರು. ಜೋಕುಮಾರನನ್ನು ನೋಡಿದರು, ಹೆಂಗಸರನ್ನು ನೋಡಿದರು. "ನನಗೂ ಅದಕ್ಕೂ ಏನೂ ಸಂಬಂಧಿಲ್ಲ" ಅಂತ ಬಟ್ಟೆಯೊಳಗಿಂದಲೇ ಹೇಳಿ ಬಂದ ದಾರಿ ಹಿಡಿದರು. ಗೌಡರೇ ಹಾಗೆಂದ ಮೇಲೆ ಮುಗಿಯಿತು. ಹೆಂಗಸರು ಹಾಡು ಎತ್ತಿದರು, ಬುಟ್ಟಿ ಎತ್ತಿದರು.

"ಇವತ್ತಿಂದ ಇವ ನನ್ನ ಮನ್ಯಾಗ ಇರಲಿ ನೀಲವ್ವಾ" ಅಂದ ಅಜ್ಜ. "ಮುಖಾ ಮಾಡಾಕ ಬರತೈತಿ ಇವಗ. ಹೊರಗ ಬಿಡೂದಷ್ಟ ಚಲೋ ಅಲ್ಲ."

ನೀಲವ್ವ ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಮಗನ ಅಂಗೈ ನೋಡಿ ಬೈದಳು, "ಮಂದೀ ಸಾಮಾನು ನಮಗ್ಯಾಕೋ? ಒಯ್ದು ಗೌಡ್ರಿಗೆ ಕೊಟ್ಟು ಬಾ. ಹೆಂಗಿತ್ತೋ ಹಂಗ ಇಟ್ಟು ಬಾ."

ಆಗಲಿ ಅಂದ ಯಮನೂರ. ಒಂದು ಕೈಯಲ್ಲಿ ಮೀಸೆ ಹಿಡಿದ, ಇನ್ನೊಂದು ಕೈಯಲ್ಲಿ ದೊಡ್ಡದೊಂದು ಹಸಿಮಣ್ಣಿನ ಉಂಡೆ ಹಿಡಿದ, ಗೌಡರ ಮನೆ ಕಡೆ ಓಡಿದ.

ಮಣ್ಣು ಹಿಡಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ನನ್ನ ಪಾಕೀಟು ಇನ್ನೊಂದು ಅಂಗಿಯ ಜೇಬಿನಲ್ಲಿದೆ, ಆ ಅಂಗಿ ಮನೆಯಲ್ಲಿದೆ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.